ಬಿಸಿನೀರಿನ ಕೋಳಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದೇ ಮೊದಲ ಜಗಳ. ಕೋಳಿ ಮೊದಲೋ ತತ್ತಿ ಮೊದಲೋ ಎಂಬ ಹಳಸಲು ತಮಾಷೆಯನ್ನು ಮಾತ್ರ ಮಾಡಕೂಡದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. (ನೋಡಿ, ಮೂರನೆಯ ವಾಕ್ಯ ಮುಟ್ಟುವ ಮುಂಚೆಯೇ ಆಣೆ ಮುರಿಯಿತು.)

ಮೊದಲ ಡ್ರಾಫ್ಟು ಈಜಿಪ್ಟಿನಿಂದ ಹೊರಟಿತ್ತು. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಜನ ಹಸಿ ಇಟ್ಟಿಗೆಯಿಂದ ಗೂಡಿನಂಥ ಕೋಣೆಗಳನ್ನು ಕಟ್ಟಿ, ಒಳಗೆ ಸಗಣಿ ಮತ್ತು ಹುಲ್ಲಿನ ಕೆಂಡ ಹೊತ್ತಿಸಿ, ಕೋಳಿಯ ಹಂಗಿಲ್ಲದೆ ರಾಶಿ ರಾಶಿ ತತ್ತಿಗಳನ್ನು ಮರಿ ಮಾಡಿಸುತ್ತಿದ್ದರು. ಥರ್ಮಾಮೀಟರ್ ಇನ್ನೂ ಹುಟ್ಟದ ಕಾಲ. ಕಾವು ಹದವಾಗಿದೆಯೋ ಇಲ್ಲವೋ ನೋಡಲು ತತ್ತಿಯನ್ನು ಎತ್ತಿ, ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರಂತೆ.

ಇದನ್ನು ನಾನು ಬೀಳಗಿ ತಾಲ್ಲೂಕಿನ ಒಂದು ಮುಳುಗಡೆ ಪುನರ್ವಸತಿ ಕೇಂದ್ರದಲ್ಲಿ, ಮಾಯವ್ವನ ಮನೆಯ ಕಟ್ಟೆಯ ಮೇಲೆ ಕುಳಿತು, ಅವಳಿಗೂ ಅವಳ ಗಂಡ ಕಾಮಣ್ಣನಿಗೂ ಓದಿ ಹೇಳಿದೆ. ಇಬ್ಬರೂ ಕೊನೆಯವರೆಗೆ ಕೇಳಿದರು.

"ಛಲೋ ಐತ್ರಿ," ಎಂದಳು ಮಾಯವ್ವ. "ಆದರ ಇದರಾಗ ನಾವು ಎಲ್ಲಿ ಅದೀವಿ?"

ಎರಡನೆಯ ಡ್ರಾಫ್ಟು ಚೀನಾಕ್ಕೆ ಹೋಯಿತು. ಅಲ್ಲಿ ಬಿಸಿ ಮಾಡಿದ ಭತ್ತದ ನಡುವೆ ತತ್ತಿಯಿಟ್ಟ ಬುಟ್ಟಿಗಳು. ಮೂರನೆಯದು ಫ್ರಾನ್ಸಿಗೆ. ಹದಿನೆಂಟನೆಯ ಶತಮಾನದ ಒಬ್ಬ ವಿಜ್ಞಾನಿ ಕುದುರೆ ಲದ್ದಿಯ ರಾಶಿಯಲ್ಲಿ ಪೀಪಾಯಿ ಹುಗಿದು, ಲದ್ದಿಯ ಬಿಸಿಯಲ್ಲೇ ಮರಿ ಮಾಡಿದ್ದ.

"ಭಾಳ ದೂರ ಹೋಗಿ ಬಂದ್ರಿ. ದಣಿದಿರಬೇಕು," ಎಂದ ಕಾಮಣ್ಣ. "ಇನ್ನ ನಮ್ಮ ಊರಿಗೆ ಬರ್ರಿ."

ಬಂದೆ.

೨

ಆಲಮಟ್ಟಿಯ ಹಿನ್ನೀರು ಏರಿ ಬರುತ್ತಿದ್ದ ವರ್ಷಗಳವು. ಎರಡು ಸಾವಿರದ ಇಸವಿಯ ಆಸುಪಾಸು ಎಂದಿಟ್ಟುಕೊಳ್ಳಿ. ಅನಗವಾಡಿಯ ಆಚೆ, ಹೊಳೆಯ ದಂಡೆಯಲ್ಲಿ ಮಾಯವ್ವನ ಹಳೆಯ ಮನೆ. ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ. ಕುರಿ ಹಿಂಡು ಮೈದುನರ ಪಾಲಿಗೆ ಹೋದ ಮೇಲೆ ಮಾಯವ್ವನಿಗೆ ಉಳಿದದ್ದು ಕೋಳಿಗಳು.

ಅವು ಬರಿಯ ಕೋಳಿಗಳಲ್ಲ. ಮದುವೆಯಾಗಿ ಬರುವಾಗ ತಾಯಿ ಹಾಲವ್ವ ಸಾವಳಗಿಯಿಂದ ಒಂದು ಬುಟ್ಟಿಯಲ್ಲಿ ಎರಡು ಹ್ಯಾಟಿ, ಅಂದರೆ ಹೆಣ್ಣುಕೋಳಿ, ಒಂದು ಹುಂಜ ಹಾಕಿ ಕಳಿಸಿದ್ದಳು. ಬೋಳುಕುತ್ತಿಗೆಯ ಜವಾರಿ ತಳಿ. ಮೈತುಂಬ ಗರಿ, ಕುತ್ತಿಗೆಗೆ ಮಾತ್ರ ಒಂದೂ ಇಲ್ಲ. ನೋಡಲು ಚಂದವಿಲ್ಲ, ಆದರೆ ಎಂಥ ಬಿಸಿಲಿಗೂ ಬಾಯಿ ತೆರೆಯುವುದಿಲ್ಲ. ಹಾಲವ್ವ ತೀರಿಹೋಗಿ ಬಹಳ ವರ್ಷವಾಗಿತ್ತು. ತವರಿನದೆಂದು ಮಾಯವ್ವನಿಗೆ ಉಳಿದಿದ್ದದ್ದು ಅಂಗಳದಲ್ಲಿ ಕೆದರಿ ತಿನ್ನುವ ಆ ಬೋಳುಕುತ್ತಿಗೆಗಳೇ.

ಕಾಮಣ್ಣ ಹೊಳೆದಂಡೆಯ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಅವನಿಗೊಂದು ಹುಚ್ಚಿತ್ತು. ಯಾವುದೋ ಕೃಷಿ ಮೇಳದಲ್ಲಿ ತತ್ತಿಗೆ ಕಾವು ಕೊಡುವ ಯಂತ್ರ ನೋಡಿ ಬಂದವನು, ತನ್ನ ಹಳೆಯ ಸಾಮಾನು ಸಂದೂಕದಲ್ಲಿ ಬಲ್ಬು ಕೂಡಿಸಿ ಅಂಥದೇ ಒಂದನ್ನು ಮಾಡಿದ. ಮೊದಲ ಸಲ ಕರೆಂಟು ಹೋಗಿ ತತ್ತಿಗಳು ಕೊಳೆತವು. ಎರಡನೆಯ ಸಲ ಕರೆಂಟು ಹೋಗಲಿಲ್ಲ, ತತ್ತಿಗಳು ಬೆಂದವು.

"ಇದು ಮರಿ ಮಾಡೂ ಪೆಟ್ಟಿಗಿ ಅಲ್ರಿ, ತತ್ತಿ ಕುದಸೂ ಪೆಟ್ಟಿಗಿ," ಎಂದು ಮಾಯವ್ವ ಊರ ತುಂಬ ನಗೆ ಹಂಚಿದ್ದಳು. ಕಾಮಣ್ಣ ತಾನೂ ನಕ್ಕು, ಬೆಂದ ತತ್ತಿಗೆ ಉಪ್ಪು ಹಾಕಿ ತಿಂದಿದ್ದ.

[ಇಲ್ಲಿ ಮಾಯವ್ವ ನನ್ನನ್ನು ತಡೆದಳು. "ಎಲ್ಲಾ ತಿನ್ನಲಿಲ್ರಿ. ಅರ್ಧ ನನಗೂ ಕೊಟ್ಟಿದ್ರು. ಅದನ್ನೂ ಹಾಕ್ರಿ." ಹಾಕಿದ್ದೇನೆ.]

೩

ಊರು ಬಿಡುವ ದಿನ ಬಂತು. ಎಲ್ಲರೂ ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಟ್ರ್ಯಾಕ್ಟರಿಗೆ. ಹೊಸ ಜಾಗದಲ್ಲಿ ಮನೆ ಕಟ್ಟುವಾಗ ಬೇಕಲ್ಲ. ಮಾಯವ್ವ ಕೋಳಿಗಳನ್ನೆಲ್ಲ ಎರಡು ದೊಡ್ಡ ಬುಟ್ಟಿಗಳಲ್ಲಿ ಹಾಕಿ, ಮೇಲೆ ಬಲೆ ಬಿಗಿದು, ಟ್ರೇಲರಿನ ಮೂಲೆಯಲ್ಲಿ ಇಟ್ಟಳು. ಒಂದು ಹ್ಯಾಟಿಯನ್ನು ಮಾತ್ರ ಹಿಂದೆ ಬಿಟ್ಟಳು. ಅದು ಒಳಮನೆಯ ಗೋಡೆಯ ಗೂಡಿನಲ್ಲಿ ಹನ್ನೊಂದು ತತ್ತಿಗಳ ಮೇಲೆ ಕಾವಿಗೆ ಕುಳಿತಿತ್ತು. ಕಾವಿಗೆ ಕೂತದ್ದನ್ನು ಎಬ್ಬಿಸಬಾರದು, ನೀರು ಇನ್ನೂ ದೂರ ಇದೆ, ದಿನಾ ಬಂದು ಕಾಳು ನೀರು ಇಟ್ಟು ಹೋದರಾಯಿತು ಎಂದು ಅವಳ ಲೆಕ್ಕ.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಹಿಟ್ಟು, ಹಾಸಿಗೆ, ಕಾಳಿನ ಚೀಲ ನೆನೆಯಬಾರದೆಂದು ಕಾಮಣ್ಣ ಇಳಿದು, ಇಡೀ ಟ್ರೇಲರಿಗೆ ತಾಡಪತ್ರಿ ಎಳೆದು, ಸುತ್ತಲೂ ಹಗ್ಗ ಬಿಗಿದ. ಬಿಗಿಯಾಗಿಯೇ ಕಟ್ಟಿದ. ಕೆಲಸ ಮಾಡಿದರೆ ಚೊಕ್ಕ ಮಾಡುವ ಮನುಷ್ಯ.

ಹೊಸ ಜಾಗ ಮುಟ್ಟಿ ತಾಡಪತ್ರಿ ಬಿಚ್ಚಿದಾಗ ಬುಟ್ಟಿಗಳಿಂದ ಸದ್ದಿರಲಿಲ್ಲ. ಸಾಮಾನು ಜಾರಿ ಬುಟ್ಟಿಗಳ ಮೇಲೆ ಬಿದ್ದಿತ್ತು. ಗಾಳಿಯಾಡದೆ ಎಲ್ಲ ಸತ್ತಿದ್ದವು. ಮಾಯವ್ವ ಒಂದೊಂದನ್ನೇ ಎತ್ತಿ ಸಾಲಾಗಿ ಮಲಗಿಸಿದಳು. ಕಾಮಣ್ಣ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದ.

ಅವಳು ಬೈಯಲಿಲ್ಲ, ಅಳಲಿಲ್ಲ. ಮಾತು ನಿಲ್ಲಿಸಿದಳು.

[ಬೈದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಒಳ್ಳೆಯ ಉತ್ತರ ಕರ್ನಾಟಕದ ಬೈಗುಳಗಳಿಂದ ಅರ್ಧ ಪುಟ ತುಂಬುತ್ತಿತ್ತು, ಓದುಗರೂ ಖುಷಿಪಡುತ್ತಿದ್ದರು. ಹಾಗೆ ಬರೆದೂ ನೋಡಿದೆ. ಮಾಯವ್ವ ಕೇಳಿ, "ನಾ ಹಂಗ ಅಂದಿಲ್ರಿ," ಎಂದಳು. ಕಾಮಣ್ಣ ನೆಲ ನೋಡುತ್ತ ಹೇಳಿದ: "ಅಂದಿದ್ರ ಛಲೋ ಇತ್ರಿ."]

೪

ಮರುದಿನ ಬೆಳಿಗ್ಗೆ ಮಾಯವ್ವ ಒಬ್ಬಳೇ ಹಳೆಯ ಊರಿಗೆ ಹೋದಳು. ನೀರು ದೂರವಿರಲಿಲ್ಲ. ಓಣಿಯೊಳಗೆ ಬಂದಿತ್ತು, ಅಂಗಳ ದಾಟಿ ಹೊಸ್ತಿಲು ನೆಕ್ಕುತ್ತಿತ್ತು. ಛಾವಣಿ ಬಿಚ್ಚಿದ ಮನೆಯೊಳಗೆ ಗೂಡಿನಲ್ಲಿ ಹ್ಯಾಟಿ ಮಾತ್ರ ಅಲ್ಲಾಡದೆ ಕೂತಿತ್ತು. ನೀರು ಬಂದದ್ದು ಅದಕ್ಕೆ ತಿಳಿದಿತ್ತೋ ಇಲ್ಲವೋ. ತಿಳಿದರೂ ಏಳುತ್ತಿರಲಿಲ್ಲವೆಂದು ಮಾಯವ್ವನಿಗೆ ಅನ್ನಿಸಿತು.

ಕಂಬಳಿಯನ್ನು ಬುಟ್ಟಿಗೆ ಹಾಸಿ ತತ್ತಿಗಳನ್ನಿಟ್ಟು, ಮೇಲೆ ಹ್ಯಾಟಿಯನ್ನು ಕೂರಿಸಿ, ಬುಟ್ಟಿ ತಲೆಯ ಮೇಲೆ ಹೊತ್ತು ಮೊಣಕಾಲುದ್ದದ ನೀರಲ್ಲಿ ನಡೆದಳು. ಒಣ ನೆಲ ಕಂಡದ್ದೇ ಹ್ಯಾಟಿ ಕಿರುಚಿ ಕೆಳಗೆ ಹಾರಿತು. ಹಿಡಿದು ಕೂರಿಸಿದಳು, ಮತ್ತೆ ಹಾರಿತು. ಹೊಸ ಜಾಗದಲ್ಲಿ ಇರಲು ಕೊಟ್ಟಿದ್ದ ಶೆಡ್ಡಿಗೆ ತಂದು ಕತ್ತಲು ಮಾಡಿ ಕೂರಿಸಿದರೂ ಅದು ತತ್ತಿಗಳಿಗೆ ಬೆನ್ನು ಹಾಕಿ ನಿಂತಿತು. ಅದರ ಕಾವು ಮುರಿದಿತ್ತು. ಹೊಸ ಕೇರಿಯಲ್ಲಿ ಕಾವಿಗೆ ಕೂತ ಬೇರೆ ಕೋಳಿಯೂ ಇರಲಿಲ್ಲ.

ಮಾಯವ್ವ ಒಂದು ತತ್ತಿಯನ್ನು ಅಂಗೈಯಲ್ಲಿ ಹಿಡಿದಳು. ಇನ್ನೂ ಬೆಚ್ಚಗಿತ್ತು. ಕಂಬಳಿ ಸುತ್ತಿದ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ಬಾಗಿಲ ಹೊರಗೆ ಕೂತಿದ್ದ ಗಂಡನಿಗೆ ಕೇಳುವಂತೆ ಅಂದಳು:

"ನಿಮ್ಮ ಪೆಟ್ಟಿಗಿ ಎಲ್ಲೈತಿ?"

ಹಿಂದಿನ ದಿನದಿಂದ ಅವಳು ಆಡಿದ ಮೊದಲ ಮಾತು ಅದು.

೫

ಪೆಟ್ಟಿಗೆ ಇತ್ತು. ಕರೆಂಟು ಇರಲಿಲ್ಲ. ಹೊಸ ಕೇಂದ್ರದಲ್ಲಿ ಕಂಬ ನೆಟ್ಟಿದ್ದರು, ತಂತಿ ಎಳೆದಿರಲಿಲ್ಲ.

(ನೀವು ಓದುಗರು ಇಲ್ಲಿ ಸರಕಾರವನ್ನು ಬೈಯಲು ಸಜ್ಜಾಗಿದ್ದೀರಿ. ಒಂದು ನಿಮಿಷ ತಡೆಯಿರಿ. ಸರಕಾರದ ಮನುಷ್ಯನೊಬ್ಬ ಈಗ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದಾನೆ.)

ಗುರುಪಾದ ದನದ ಡಾಕ್ಟರು. ಜಮಖಂಡಿಯವರು, ಹೊಸ ಕೇಂದ್ರದ ದನಗಳಿಗೆ ಲಸಿಕೆ ಹಾಕಲು ಬಂದಿದ್ದರು. ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸನ್ನೂ ಬಲ್ಬಿನ ಪೆಟ್ಟಿಗೆಯ ಮುಂದೆ ತಲೆಗೆ ಕೈ ಹೊತ್ತ ಗಂಡಸನ್ನೂ ಕಂಡು ಗಾಡಿ ನಿಲ್ಲಿಸಿದರು. ಕೋಳಿ ತತ್ತಿಯ ಚರಿತ್ರೆ ಅವರ ಇಷ್ಟದ ವಿಷಯ. ಆವರೆಗೆ ಅವರ ಮನೆಯವರೂ ಅದನ್ನು ಪೂರಾ ಕೇಳಿರಲಿಲ್ಲ. (ನನ್ನ ಈಜಿಪ್ಟು, ಚೀನಾ, ಫ್ರಾನ್ಸು ಎಲ್ಲ ಅವರ ಉದ್ರಿಯೇ.)

"ಹಿಂದಕ ಕರೆಂಟ್ ಎಲ್ಲಿತ್ತೋ ಕಾಮಣ್ಣ?" ಎಂದರು. "ತಗಡಿನ ತೊಟ್ಟಿ ಮಾಡಿ ಬಿಸಿನೀರ ತುಂಬ್ತಿದ್ರು. ಕೆಳಗ ತತ್ತಿ, ಮ್ಯಾಲ ನೀರು. ಮುಂಜಾನಿ ಒಂದಿಷ್ಟು ತಣ್ಣೀರ ಬಸದು ಬಿಸೀದ ಹಾಕೋದು, ಸಂಜಿಕ ಮತ್ತ ಹಾಕೋದು. ಆ ಮ್ಯಾಲ ಇಂಗ್ಲಿಷರು ಒಂದು ಹಿತ್ತಾಳಿ ಬಿಲ್ಲಿ ಮಾಡಿದ್ರು. ಕಾವು ಹೆಚ್ಚಾತಂದ್ರ ಬಿಲ್ಲಿ ಉಬ್ಬಿ, ಕಡ್ಡಿ ಎತ್ತಿ, ಬಿಸಿ ಹೊರಗ ಬಿಡತಿತ್ತು."

"ಆ ಬಿಲ್ಲಿ ಎಲ್ಲಿ ಸಿಗತೈತ್ರಿ ಸಾಹೇಬ್ರ?"

"ಸಿಗಂಗಿಲ್ಲ. ಬಿಲ್ಲಿ ಬದಲಿ ನೀವಿಬ್ರೂ ಅದೀರಲ್ಲ. ಕಾಯಬೇಕು."

ಚೀಲದಿಂದ ಎಮ್ಮೆಯ ಜ್ವರ ನೋಡುವ ಥರ್ಮಾಮೀಟರನ್ನು ತೆಗೆದು, ಡೆಟಾಲಿನಲ್ಲಿ ಎರಡೆರಡು ಸಲ ತೊಳೆದು ಕೊಟ್ಟರು. ಕಾಮಣ್ಣ ಎಣ್ಣೆಯ ಡಬ್ಬಿ ಕತ್ತರಿಸಿ, ಬೆಸುಗೆ ಹಾಕಿ, ಚಪ್ಪಟೆ ತೊಟ್ಟಿ ಮಾಡಿ ಸಂದೂಕದ ಮೇಲ್ಭಾಗಕ್ಕೆ ಕೂರಿಸಿದ. ಸುತ್ತಲೂ ಕಂಬಳಿ. ಒಳಗಿನ ಗಾಳಿ ಒಣಗದಂತೆ ತತ್ತಿಗಳ ಪಕ್ಕಕ್ಕೆ ಒಂದು ಬಟ್ಟಲು ನೀರು. ಇಪ್ಪತ್ತೊಂದು ದಿನದ ಬಸಿರಿನಲ್ಲಿ ಒಂದು ವಾರ ಕೋಳಿಯದು ಆಗಿತ್ತು. ಉಳಿದದ್ದನ್ನು ಬಿಸಿನೀರು ಹೊರಬೇಕು.

೬

ಥರ್ಮಾಮೀಟರು ಕೆಲವೇ ದಿನ ಬಾಳಿತು. ಪಾದರಸ ಇಳಿಸಲು ಕಾಮಣ್ಣ ಜಾಡಿಸಿದ ರಭಸಕ್ಕೆ ಸಂದೂಕದ ಮೂಲೆಗೆ ಬಡಿದು ಚೂರಾಯಿತು. ಅವನ ಮುಖ ತಾಡಪತ್ರಿ ಬಿಚ್ಚಿದ ದಿನದಂತೆಯೇ ಆಯಿತು.

"ನನ್ನ ಕೈಗೆ ಏನ ಬಂದೈತೋ," ಎಂದ. "ಮುಟ್ಟಿದ್ದೆಲ್ಲಾ ಸಾಯಾಕತ್ತೈತಿ."

ಅಲ್ಲಿಯವರೆಗೆ ಮಾಯವ್ವ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು: ನೀರು ಆತು, ಕಟಿಗಿ ತರ್ರಿ, ತತ್ತಿ ಹೊರಳಸ್ರಿ. ಈಗ ಅವನ ಕಡೆ ನೋಡಿದಳು. ಆಮೇಲೆ ಸಂದೂಕದಿಂದ ಒಂದು ತತ್ತಿ ತೆಗೆದು, ಕಣ್ಣು ಮುಚ್ಚಿ, ರೆಪ್ಪೆಗೆ ಒತ್ತಿಕೊಂಡಳು. ಡಾಕ್ಟರು ಹೇಳಿದ ದೂರದೇಶದ ಮಾತು ಅವಳ ತಲೆಯಲ್ಲಿ ಉಳಿದಿತ್ತು.

"ನನಗ ಬೆಚ್ಚಗ ಅನಸ್ತೈತಿ," ಎಂದಳು. "ಖರೆ ಏನೋ, ನನ್ನ ಆಶಾನs ಏನೋ. ನೀವೂ ನೋಡ್ರಿ."

"ನಾ ಬ್ಯಾಡ."

"ಕಣ್ಣ ಮುಚ್ರಿ."

ಅವನು ಮುಚ್ಚಿದ. ಮಾಯವ್ವ ತತ್ತಿಯನ್ನು ತಾನೇ ಅವನ ರೆಪ್ಪೆಯ ಮೇಲಿಟ್ಟಳು. ಆಮೇಲೆ ಅವನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ತತ್ತಿ ಒದ್ದೆಯಾಯಿತು. ಅವಳು ಸೆರಗಿನಿಂದ ಮೊದಲು ತತ್ತಿ ಒರೆಸಿದಳು, ಆಮೇಲೆ ಅವನ ಮುಖ.

"ಹಗ್ಗಾ ಭಾಳ ಬಿಗಿ ಕಟ್ಟಿದೆ ಮಾಯಿ."

"ಮಳಿ ಬಂದಿತ್ತಲ್ರಿ," ಎಂದಳು ಅವಳು. "ಹಿಟ್ಟು ತೋಯಬಾರದಂತ ಕಟ್ಟಿದ್ರಿ. ಅದು ನನಗ ಗೊತ್ತಿಲ್ಲೇನು?"

ಅಂದಿನಿಂದ ಕಾವು ನೋಡಲು ಎರಡು ಜೊತೆ ಕಣ್ಣು. ಅವಳು ಬೆಚ್ಚಗೆ ಎಂದರೆ ಅವನು ಬಿಸಿ ಎನ್ನುತ್ತಿದ್ದ. ಇಬ್ಬರ ನಡುವಿನ ಹದಕ್ಕೆ ನೀರು ಹಾಕುತ್ತಿದ್ದರು. ಎಷ್ಟೋ ಸಲ ತಪ್ಪಿದ್ದೂ ಉಂಟು.

೭

ವಿಲನ್ ಇಲ್ಲದ ಕಥೆ ಓಡುವುದಿಲ್ಲ ಎಂದು ನನ್ನ ಸ್ನೇಹಿತರೊಬ್ಬರು ಎಚ್ಚರಿಸಿದ್ದರು. ಆದ್ದರಿಂದ ಚನಮಲ್ಲಪ್ಪನನ್ನು ವಿಲನ್ ಮಾಡೋಣವೆಂದು ನಿರ್ಧರಿಸಿದೆ.

ಪ್ಲಾಟುಗಳನ್ನು ಚೀಟಿ ಎತ್ತಿ ಹಂಚಿದ್ದರಿಂದ ಹಳೆಯ ಓಣಿಗಳೆಲ್ಲ ಕಲಸಿಹೋಗಿದ್ದವು. ಮಾಯವ್ವನ ಪಕ್ಕದ ಶೆಡ್ಡು ಬಂದದ್ದು ಚನಮಲ್ಲಪ್ಪ ಮತ್ತು ಅವನ ಹೆಂಡತಿ ಮಾದೇವಿಗೆ. ಗಲಗಲಿ ಕಡೆಯಿಂದ ಬಂದ ಕಿರಾಣಿ ವ್ಯಾಪಾರಿಗಳು, ಲಿಂಗ ಕಟ್ಟಿದವರು, ಮನೆಯಲ್ಲಿ ತತ್ತಿಯ ಹೆಸರೂ ಎತ್ತದವರು. ಅಲ್ಲಿಯವರೆಗೆ ಎರಡೂ ಮನೆಯ ನಡುವೆ ಮಾತಿರಲಿಲ್ಲ.

ಆಗಲೇ ನಮ್ಮ ಕಡೆ ಅಪರೂಪಕ್ಕೆ ಹಿಡಿಯುವ ಜಡಿಮಳೆ ಹಿಡಿಯಿತು. ಬಯಲಲ್ಲಿ ಒಟ್ಟಿದ್ದ ಕಟ್ಟಿಗೆ ನೆನೆದು ಹೊಗೆ ಬಿಟ್ಟಿತೇ ಹೊರತು ಉರಿಯಲಿಲ್ಲ. ಇದ್ದ ಚಿಮಣಿ ಎಣ್ಣೆ ತೀರಿತು. ತೊಟ್ಟಿಯ ನೀರು ಆರುತ್ತ ಬಂತು. ಮಾಯವ್ವ ಊದುಗೊಳವೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದಾಗ, ಮಾದೇವಿ ತನ್ನ ಬಾಗಿಲಲ್ಲಿ ನಿಂತಿದ್ದಳು.

"ಮುಂಜಾನಿಂದ ನೋಡಾಕತ್ತೇನಿ. ಏನ ಆಗೇತಿ ನಿಮ್ಮನ್ಯಾಗ?"

ಮಾಯವ್ವ ಹೇಳಿದಳು. ತತ್ತಿ ಎಂಬ ಮಾತಿಗೆ ಈ ಹೆಂಗಸು ಮೂಗು ಮುರಿಯುತ್ತಾಳೆಂದುಕೊಂಡೇ ಹೇಳಿದಳು. ತವರು, ಹಾಲವ್ವ, ತಾಡಪತ್ರಿ, ಎಲ್ಲ ಬಂತು.

"ತತ್ತಿ ನಾ ಮುಟ್ಟಂಗಿಲ್ಲ ಯವ್ವಾ," ಎಂದಳು ಮಾದೇವಿ. "ನೀರ ಕೊಡಾಕ ಏನ ಅಡ್ಡಿ?"

ಅವಳ ಶೆಡ್ಡಿನೊಳಗೆ ಹಳೆಯ ಮನೆಯ ಅಟ್ಟದ ಜಂತಿಗಳಿದ್ದವು. ಹೊಸ ಮನೆಗೆಂದು ತಂದ ಸಾಗವಾನಿ, ನೂರು ವರ್ಷ ಹೊಗೆ ಕುಡಿದು ಒಣಗಿದ್ದು. ಮಾದೇವಿ ಒಂದನ್ನು ಎಳೆದು ಕೊಡಲಿ ಹಾಕತೊಡಗಿದಳು. ಅಷ್ಟರಲ್ಲಿ ಚನಮಲ್ಲಪ್ಪ ಬಂದು ಬಾಗಿಲಲ್ಲಿ ನಿಂತ.

[ನನ್ನ ಡ್ರಾಫ್ಟಿನಲ್ಲಿ ಅವನು ಇಲ್ಲಿ ಗುಡುಗುತ್ತಾನೆ. "ಅಪ್ಪ ಕಟ್ಟಿಸಿದ ಮನಿ ಜಂತಿ, ಕೋಳಿ ತತ್ತಿಗೆ ಸುಡತೀಯೇನ?" ಒಳ್ಳೆಯ ಡೈಲಾಗು. ಓದಿದ ಕೂಡಲೆ ಮಾಯವ್ವ ಸಿಟ್ಟಾದಳು. ಇಡೀ ಕಥೆಯಲ್ಲಿ ಅವಳು ಸಿಟ್ಟಾದದ್ದು ಇದೊಂದೇ ಸಲ.

"ಸುಳ್ಳ ಬರೀಬ್ಯಾಡ್ರಿ. ಆ ಪುಣ್ಯಾತ್ಮಗ ಹಂಗ ಅಂದ್ರ ನಿಮ್ಮ ಕೈ ಸೇದಿ ಬಿದ್ದಹೋಗತಾವ."

"ಹಾಗಾದರೆ ಏನಂದ?"

"ಏನೂ ಅನಲಿಲ್ಲ. ಜಂತಿ ಮ್ಯಾಲ ಒಂದ ಸಲ ಕೈ ಆಡಿಸಿದ. ಆಮ್ಯಾಲ ಆಕೀ ಕೈಯಾಗಿನ ಕೊಡ್ಲಿ ಇಸಗೊಂಡ. 'ಹಂಗಲ್ಲ, ಕಟಿಗಿ ಎಳಿ ನೋಡಿ ಹಾಕಬೇಕು' ಅಂದು ತಾನs ಸೀಳಿದ."]

ಹೀಗಾಗಿ ಈ ಕಥೆಗೆ ವಿಲನ್ ಇಲ್ಲ. ಜಡಿ ನಿಲ್ಲುವವರೆಗೆ ಮಾದೇವಿಯ ಒಲೆಯಿಂದ ಮಾಯವ್ವನ ಶೆಡ್ಡಿಗೆ ಕೊಡ ಕೊಡ ಬಿಸಿನೀರು ಬಂತು. ಸುದ್ದಿ ಹಬ್ಬಿ, ಆಚೆಯ ಸಾಲಿನವರೂ ತಮ್ಮ ಒಲೆ ಹತ್ತಿದಾಗಲೆಲ್ಲ ಒಂದು ಚರಿಗೆ ತಂದು ಸುರಿದು, "ಏನರ ಸಪ್ಪಳ ಆತೇನ?" ಎಂದು ಕೇಳಿ ಹೋಗತೊಡಗಿದರು. ಚೀಟಿಯಲ್ಲಿ ಕಲಸಿದ್ದ ಊರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲು ಕಲಿತದ್ದು ಆ ವಾರದಲ್ಲಿ.

೮

ಈಗ ಅಂತ್ಯ. ಎರಡು ಇವೆ, ಬೇಕಾದ್ದನ್ನು ಆರಿಸಿಕೊಳ್ಳಿ.

ಅಂತ್ಯ ಅ: ಹನ್ನೊಂದೂ ತತ್ತಿ ಒಡೆದು ಹನ್ನೊಂದೂ ಮರಿ ಹೊರಬರುತ್ತವೆ. ಊರು ಚಪ್ಪಾಳೆ ತಟ್ಟುತ್ತದೆ. (ಪಶುಪಾಲನೆ ಇಲಾಖೆಯ ಕ್ಯಾಲೆಂಡರಿಗೆ ಸೊಗಸಾಗಿ ಒಪ್ಪುತ್ತದೆ.)

ಅಂತ್ಯ ಆ: ಒಂದೂ ಒಡೆಯುವುದಿಲ್ಲ. ಮಾಯವ್ವ ತಣ್ಣಗಾದ ತತ್ತಿಗಳನ್ನು ಹಿನ್ನೀರಿಗೆ ಬಿಡುತ್ತಾಳೆ. (ಇಂಥದಕ್ಕೆ ಪ್ರಶಸ್ತಿ ಬರುವ ಸಂಭವವಿದೆ.)

"ಪ್ರಶಸ್ತಿ ಸಲುವಾಗಿ ನಮ್ಮ ಮರಿ ಸಾಯಸ್ತೀರೇನು?" ಎಂದಳು ಮಾಯವ್ವ.

ಆದದ್ದು ಇದು. ಒಡೆಯಬೇಕಾದ ದಿನ ಬಂತು, ಹೋಯಿತು. ಮರುದಿನವೂ ಸದ್ದಿಲ್ಲ. ಕಾಮಣ್ಣ ಗೋಡೆಗೆ ಮುಖ ಮಾಡಿ ಮಲಗಿದ. ಮಾಯವ್ವ ನೀರು ಬದಲಿಸುವುದನ್ನು ಬಿಡಲಿಲ್ಲ. ಕಾವು ಕಡಿಮೆಯಾದ ತತ್ತಿ ತಡವಾಗಿ ಒಡೆಯುತ್ತದೆಂದು ಡಾಕ್ಟರು ಹೇಳಿದ್ದರು. ಆ ಒಂದು ಮಾತನ್ನು ಅವಳು ಹಿಡಿದುಕೊಂಡಿದ್ದಳು. ಮಧ್ಯಾಹ್ನ ಕೊಡ ಹಿಡಿದು ಬಂದ ಮಾದೇವಿ ಸಂದೂಕದ ಹತ್ತಿರ ಬಗ್ಗಿದವಳು ಹಾಗೆಯೇ ನಿಂತಳು.

"ಮಾಯವ್ವಾ, ಇದರಾಗ ಯಾರೋ ಮಾತಾಡಾಕತ್ತಾರ!"

ಕಾಮಣ್ಣ ಎದ್ದ ರಭಸಕ್ಕೆ ಕೊಡ ಉರುಳಿತು. ಮುಚ್ಚಳ ತೆಗೆದರು. ಒಂದು ತತ್ತಿಯ ಮೈಮೇಲೆ ಸಾಸಿವೆಯಷ್ಟು ತೂತು, ಅದರಲ್ಲಿ ಒಂದು ಕೊಕ್ಕು. ಮುಟ್ಟಬಾರದು, ತಾನೇ ಬರಬೇಕು. ಮೂವರೂ ಕೈ ಕಟ್ಟಿಕೊಂಡು ಕಾದರು. ಹೊತ್ತು ಇಳಿಯುವ ಹೊತ್ತಿಗೆ ಅದು ಚಿಪ್ಪು ನೂಕಿ ಹೊರಳಿತು. ಒದ್ದೆ, ಕುರೂಪ, ಕುತ್ತಿಗೆ ಪೂರಾ ಬೋಳು.

"ಅವ್ವಾ," ಎಂದಳು ಮಾಯವ್ವ. ಮರಿಯನ್ನು ಕರೆದಳೋ ಸಾವಳಗಿಯ ಹಾಲವ್ವನನ್ನು ಕರೆದಳೋ ನನಗೆ ತಿಳಿಯದು. ಕೇಳಿದೆ, ಅವಳಿಗೂ ತಿಳಿಯದು.

ಮರುದಿನದೊಳಗೆ ಇನ್ನೂ ನಾಲ್ಕು ಬಂದವು. ಉಳಿದವು ಬರಲಿಲ್ಲ. ಮೈ ಆರಿದ ಮೊದಲ ಮರಿಯನ್ನು ಮಾದೇವಿ ಕೇಳದೆಯೇ ಎತ್ತಿ ಅಂಗೈಯಲ್ಲಿ ಕೂರಿಸಿಕೊಂಡಿದ್ದಳು.

"ತತ್ತಿ ಮುಟ್ಟಂಗಿಲ್ಲ ಅಂದಿದ್ರಿ ಮಾದೇವಕ್ಕಾ?"

"ಇದು ತತ್ತಿ ಎಲ್ಲೈತಿ ಈಗ?" ಎಂದಳು ಮಾದೇವಿ.

ಜಂತಿಯ ಋಣ ಹೇಗೆ ತೀರಿಸುವುದು ಎಂದು ಕಾಮಣ್ಣ ಬಹಳ ದಿನ ಒದ್ದಾಡಿದ. ಕೊನೆಗೆ ಚನಮಲ್ಲಪ್ಪನನ್ನೇ ಕೇಳಿದ. ಅವನು ಯೋಚಿಸಿ, "ಹುಂಜ ದೊಡ್ಡದಾದ ಮ್ಯಾಲ ನಮ್ಮ ಕಿಡಕಿ ಕೆಳಗ ಕೂಗಾಕ ಬಿಡಬ್ಯಾಡಪಾ, ಅಷ್ಟ ಸಾಕು," ಎಂದ. ಹುಂಜ ದೊಡ್ಡದಾಯಿತು. ದಿನಾ ಬೆಳಿಗ್ಗೆ ಅಲ್ಲಿಯೇ ಕೂಗಿತು. ಋಣ ತೀರಲಿಲ್ಲ. ತೀರದೇ ಇದ್ದದ್ದೇ ಚಂದವೆಂದು ಮಾಯವ್ವನ ಅಭಿಪ್ರಾಯ. ತೀರಿದ್ದರೆ ಪಕ್ಕದ ಮನೆಗೆ ಹೋಗಲು ನೆಪವೇನಿರುತ್ತಿತ್ತು?

೯

"ಆಧುನಿಕೋತ್ತರ ಅಂದ್ರ ಏನ್ರಿ?" ಎಂದು, ನನ್ನ ಬಾಯಿಂದ ಆ ಪದ ಜಾರಿದ ದಿನ, ಕಾಮಣ್ಣ ಕೇಳಿದ್ದ. ಕಥೆ ಮುಗಿಸಲು ಬಾರದವರು ಹೇಳುವ ನೆಪ ಎಂದೆ. ಅವನು ಗಂಭೀರವಾಗಿ ತಲೆದೂಗಿದ.

ಮುಗಿಸಲು ನನಗೆ ಬರುತ್ತಿತ್ತು. ಆ ಕೇಂದ್ರದಲ್ಲಿ ಈಗ ಯಾವ ಸಾಲಿಗೆ ಹೋದರೂ ಬೋಳುಕುತ್ತಿಗೆಯ ಕೋಳಿಗಳು ಕೆದರುತ್ತಿರುತ್ತವೆ; ಅಲ್ಲಿಗೆ ಫುಲ್‌ಸ್ಟಾಪ್ ಇಡಬಹುದಿತ್ತು. ಆದರೆ ನಾನು ಕೊನೆಯ ಡ್ರಾಫ್ಟು ಓದಲು ಹೋದ ದಿನ ಕಟ್ಟೆಯ ಮೇಲೆ ಹೊಸ ಮುಖವೊಂದು ಕೂತಿತ್ತು. ಯಂಕವ್ವ. ಹಿನ್ನೀರಿನ ಮೇಲ್ದಂಡೆಯ ಹಳ್ಳಿಯವಳು. ಅಣೆಕಟ್ಟು ಇನ್ನೂ ಎತ್ತರ ಮಾಡುತ್ತಾರಂತೆ, ಈ ಸಲ ಅವಳ ಊರೂ ಹೋಗುತ್ತದಂತೆ, ಇಲ್ಲವಂತೆ, ಹೌದಂತೆ. ಅವಳ ಮನೆಯಲ್ಲೂ ಅತ್ತೆಯ ಕಾಲದ ಒಂದು ತಳಿ ಇದೆ. ಕುಣಿಯುವ ಹಾಗೆ ನಡೆಯುವ ಕೆಂಪು ಕೋಳಿಗಳು. ಯಾರೋ ಮಾಯವ್ವನ ಹೆಸರು ಹೇಳಿದ್ದರು.

ಕಾಮಣ್ಣ ಆಗಲೇ ಸಂದೂಕ ಒರೆಸಿ ಅಂಗಳಕ್ಕೆ ತಂದಿದ್ದ. ಮಾಯವ್ವ ಯಂಕವ್ವನ ಕಣ್ಣು ಮುಚ್ಚಿಸಿ, ಬೆಚ್ಚಗಿನ ತತ್ತಿಯೊಂದನ್ನು ರೆಪ್ಪೆಗೆ ಇಟ್ಟು ಹದ ಕಲಿಸುತ್ತಿದ್ದಳು.

"ಈ ಸಂದೂಕ ತಿರುಗಿ ಯಾವಾಗ ತರ್ಲಿ ಯಕ್ಕಾ?"

"ತರಬ್ಯಾಡ. ನಿಮ್ಮ ಕೆಲಸ ಆದ ಮ್ಯಾಲ ಯಾರಿಗರ ಬೇಕಾದ್ರ ಕೊಡು."

ಯಂಕವ್ವ ಬಗ್ಗಿ ಕಾಲು ಮುಟ್ಟಲು ಹೋದಳು. ಮಾಯವ್ವ ಹಿಂದೆ ಸರಿದು, ಪಕ್ಕದ ಮನೆಯ ಬಾಗಿಲು ತೋರಿಸಿದಳು. "ಅಲ್ಲಿ ಮಾದೇವಕ್ಕ ಅದಾಳ. ಅಕೀನ್ನ ಮಾತಾಡ್ಸಿ ಹೋಗು."

ಅವಳ ತತ್ತಿಗಳು ಒಡೆದವೋ, ಊರು ಉಳಿಯಿತೋ, ಸಂದೂಕ ಈಗ ಯಾರ ಮನೆಯಲ್ಲಿದೆಯೋ, ನನ್ನನ್ನು ಕೇಳಬೇಡಿ. ಬಸ್ಸು ಬರುವವರೆಗಿನದು ಮಾತ್ರ ನಾನು ಕಂಡದ್ದು. ಜಮಖಂಡಿ ಬಸ್ಸಿನ ಬಾಗಿಲಲ್ಲಿ ಸಂದೂಕ ತೂರಲಿಲ್ಲ. ಕಾಮಣ್ಣ ಒಂದು ಮಗ್ಗುಲಿಗೆ ನೂಕಿದ, ನಾನು ಇನ್ನೊಂದು ಮಗ್ಗುಲಿಗೆ. ಒಳಗಿದ್ದ ನಾಲ್ಕು ಜನ ಎಳೆದುಕೊಂಡರು. ಕಂಡಕ್ಟರು ಟಿಕೀಟು ಹರಿಯುವ ಮುನ್ನ ಸಂದೂಕದ ಮೇಲೆ ಬೆರಳಿಂದ ತಟ್ಟಿ ಕೇಳಿದ:

"ಏನೈತಿ ಬೇ ಇದರಾಗ?"

"ಇನ್ನಾ ಏನೂ ಇಲ್ರಿ," ಎಂದಳು ಯಂಕವ್ವ.